ನೆರೆ, ನೆರೆಮನೆ, ನೆರವು

"ಅಮ್ಮಾ, ನಾನು ಕೆಳಗೆ ಲಾಬಿಯಲ್ಲಿ ಶರಬತ್ತು ಮಾರ್ತೀನಿ. ಬಂದ ದುಡ್ಡನ್ನೆಲ್ಲ ಅಜ್ಜಿ ಊರಿನ ಕಡೆಗೆ ಕಳಿಸೋಣ."

ಕಳೆದ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಕೇಳಿದ ಮಾತುಗಳಲ್ಲಿ ನನಗೆ ಮರೆಯಲಾಗದ್ದು ಇದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಿತ್ತು. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದ ಮಣ್ಣು ಗಂಗಾವಳಿ ನದಿಯವರೆಗೂ ನುಗ್ಗಿತ್ತು. ಪ್ರತಿ ರಜೆಯಲ್ಲೂ ಕುಮಟಾದ ಅಜ್ಜಿ ಮನೆಗೆ ಹೋಗುವಾಗ ನಾವು ಹಾದುಹೋಗುವ ರಸ್ತೆ ಅದು. ಎರಡು ವಾರ ಕಳೆಯುವಷ್ಟರಲ್ಲಿ, ಜುಲೈ 30ಕ್ಕೆ, ವಯನಾಡಿನಲ್ಲಿ ಇನ್ನೂ ದೊಡ್ಡ ಭೂಕುಸಿತ. ನಮ್ಮ ಪಕ್ಕದ ಫ್ಲಾಟಿನವರು ಮಲಯಾಳಿಗಳು. ಎರಡೂ ಮನೆಗಳಲ್ಲಿ ಟಿವಿ ಆರಿರಲಿಲ್ಲ.

ಒಂಬತ್ತು ವರ್ಷದ ಮಗಳು ಇದನ್ನೆಲ್ಲ ನೋಡಿ ತಾನೇ ದಾರಿ ಹುಡುಕಿದ್ದಳು. ಊರಿನಿಂದ ತಂದಿದ್ದ ಮುರುಗಲು ಶರಬತ್ತು ಫ್ರಿಜ್ಜಿನಲ್ಲಿತ್ತು. ಒಂದು ಲೋಟಕ್ಕೆ ಎರಡು ದಿರಹಂ ಎಂದು ಬೋರ್ಡು ಕೂಡ ಬರೆದಾಗಿತ್ತು. ಅವಳಪ್ಪ ಬೋರ್ಡು ನೋಡಿ, "ಇಲ್ಲಿ ಹಾಗೆ ದುಡ್ಡು ಸೇರಿಸುವ ಹಾಗಿಲ್ಲ ಮಗಳೇ, ಕಾನೂನಿದೆ" ಎಂದರು.

"ಸಹಾಯ ಮಾಡೋದಕ್ಕೂ ಕಾನೂನಾ?"

ಆ ಪ್ರಶ್ನೆಗೆ ನಮ್ಮಿಬ್ಬರಲ್ಲೂ ತಕ್ಷಣ ಉತ್ತರ ಇರಲಿಲ್ಲ.

ಹುಂಡಿಗೆ ಬೀಗ ಯಾಕೆ?

ಯುಎಇಯಲ್ಲಿ ದೇಣಿಗೆ ಸಂಗ್ರಹಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ದುಬೈನಲ್ಲಿ 2015ರಲ್ಲೇ ಈ ಬಗ್ಗೆ ಆದೇಶ ಬಂದಿತ್ತು. 2021ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂತು. ಪರವಾನಗಿ ಇರುವ ಸಂಸ್ಥೆಗಳು ಮಾತ್ರ ಸಾರ್ವಜನಿಕರಿಂದ ದೇಣಿಗೆ ಕೇಳಬಹುದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಎಲ್ಲರೂ ಇಷ್ಟಿಷ್ಟು ಹಾಕೋಣ" ಎಂದು ಬರೆಯುವುದೂ ತೊಂದರೆಗೆ ದಾರಿ. ಜೈಲು, ಭಾರಿ ದಂಡ ಎರಡೂ ಇವೆ. ಊರಿನಲ್ಲಿ ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿ ಬೆಳೆದ ನಮಗೆ ಇದು ಸುಲಭವಾಗಿ ಮನಸ್ಸಿಗೆ ಇಳಿಯುವುದಿಲ್ಲ.

ಮಗಳಿಗೆ ನಾನು ಹೇಳಿದ್ದು ದೇವಸ್ಥಾನದ ಹುಂಡಿಯ ಕಥೆ. ಹುಂಡಿಗೆ ಯಾರು ಬೇಕಾದರೂ ಹಾಕಬಹುದು, ಆದರೆ ತೆಗೆಯುವುದಕ್ಕೆ ಬೀಗ ಇದೆ, ಎಣಿಸುವುದಕ್ಕೆ ಜನ ಇದ್ದಾರೆ, ಬರೆದಿಡುವುದಕ್ಕೆ ಪುಸ್ತಕ ಇದೆ. ಕಷ್ಟದಲ್ಲಿರುವವರ ಹೆಸರು ಹೇಳಿ ಯಾರೋ ದುಡ್ಡು ನುಂಗಿದರೆ ಅದು ಆ ಕಷ್ಟದವರಿಗೇ ಮಾಡಿದ ಮೋಸ. ಅದಕ್ಕೇ ಬೀಗ. ಅವಳಿಗೆ ಅರ್ಥವಾಯಿತು. "ಹಾಗಾದ್ರೆ ಇಲ್ಲಿಯ ಹುಂಡಿ ಎಲ್ಲಿದೆ?" ಎಂದು ಕೇಳಿದಳು.

ಬಿದಿಗೆ ಚಂದ್ರನ ಗುರುತು

ಹುಂಡಿ ಅವಳಿಗೆ ಮಾಲಿನಲ್ಲೇ ಸಿಕ್ಕಿತು. ಪೆಟ್ಟಿಗೆಯ ಮೇಲೆ ಕೆಂಪು ಚಂದ್ರ. ಶಾಲೆಯಲ್ಲಿ ಅರೇಬಿಕ್ ಕಲಿಯುವ ಮಗಳು ತಾನೇ ಅಕ್ಷರ ಕೂಡಿಸಿ ಓದಿದಳು: "ಅಲ್ ಹಿಲಾಲ್ ಅಲ್ ಅಹ್ಮರ್. ಅಹ್ಮರ್ ಅಂದ್ರೆ ಕೆಂಪು. ಹಿಲಾಲ್ ಅಂದ್ರೆ ಕ್ರೆಸೆಂಟ್. ಕನ್ನಡದಲ್ಲಿ ಏನಮ್ಮಾ?" ನಾನು "ಅರ್ಧಚಂದ್ರ" ಎನ್ನಲು ಹೋಗಿ ತಡೆದೆ. ಅದು ಅರ್ಧ ಅಲ್ಲವಲ್ಲ! ಸಂಜೆ ಫೋನಿನಲ್ಲಿ ಅಜ್ಜಿ ಹೇಳಿದರು: "ಅದು ಬಿದಿಗೆ ಚಂದ್ರ, ಕೂಸೇ. ಅಮಾವಾಸ್ಯೆ ಕಳೆದು ಎರಡನೇ ದಿನ ಕಾಣ್ತದಲ್ಲ, ಅದು." ನಮಗೆ ಬಿದಿಗೆ, ಇಲ್ಲಿಯವರಿಗೆ ಹೊಸ ತಿಂಗಳು. ನೋಡುವ ಚಂದ್ರ ಒಂದೇ.

ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಜೂನಿಯರ್ ರೆಡ್ ಕ್ರಾಸ್ ಹೆಸರು ಕೇಳಿದವರೇ. ಆ ಕೆಂಪು ಶಿಲುಬೆ ಮತ್ತು ಈ ಕೆಂಪು ಚಂದ್ರ ಒಂದೇ ಚಳವಳಿಯ ಗುರುತುಗಳು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಕಥೆಯೂ ಚೆನ್ನಾಗಿದೆ. 1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೊದಲ್ಲಿ ದೊಡ್ಡ ಯುದ್ಧ. ವ್ಯಾಪಾರದ ಕೆಲಸಕ್ಕೆಂದು ಹೋಗಿದ್ದ ಜಿನೀವಾದ ಹೆನ್ರಿ ಡ್ಯೂನಾಂಟ್, ಗಾಯಗೊಂಡ ಸಾವಿರಾರು ಸೈನಿಕರನ್ನು ಕಂಡು ಅಲ್ಲೇ ಉಳಿದ. ಪಕ್ಕದ ಊರಿನ ಹೆಂಗಸರನ್ನು ಸೇರಿಸಿಕೊಂಡು, ಯಾವ ಕಡೆಯ ಸೈನಿಕ ಎಂದು ಕೇಳದೆ ಎಲ್ಲರಿಗೂ ನೀರು ಕುಡಿಸಿದ, ಗಾಯ ಕಟ್ಟಿದ. ಅಲ್ಲಿಂದ ರೆಡ್ ಕ್ರಾಸ್ ಹುಟ್ಟಿತು. 1901ರಲ್ಲಿ ಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡವರಲ್ಲಿ ಡ್ಯೂನಾಂಟ್ ಒಬ್ಬ. ಅವನ ಹುಟ್ಟುಹಬ್ಬವಾದ ಮೇ 8 ಇವತ್ತಿಗೂ ರೆಡ್ ಕ್ರಾಸ್, ರೆಡ್ ಕ್ರೆಸೆಂಟ್ ದಿನ. 1870ರ ದಶಕದ ಯುದ್ಧದಲ್ಲಿ ಒಟ್ಟೊಮನ್ ತುರ್ಕಿ ಶಿಲುಬೆಯ ಬದಲು ಚಂದ್ರನನ್ನು ಬಳಸಿತು. 1929ರಲ್ಲಿ ಅದಕ್ಕೂ ಅಧಿಕೃತ ಮನ್ನಣೆ ಸಿಕ್ಕಿತು.

ಭಾರತದ ರೆಡ್ ಕ್ರಾಸ್ 1920ರದ್ದು. ಎಮಿರೇಟ್ಸ್ ರೆಡ್ ಕ್ರೆಸೆಂಟ್ ಶುರುವಾದದ್ದು 1983ರ ಜನವರಿ 31ರಂದು, 1986ರಲ್ಲಿ ಅದು ಅಂತಾರಾಷ್ಟ್ರೀಯ ಒಕ್ಕೂಟ ಸೇರಿತು. ಕೇಂದ್ರ ಕಚೇರಿ ಅಬುಧಾಬಿಯಲ್ಲಿ. ರಂಜಾನ್ ತಿಂಗಳಲ್ಲಿ ಇಫ್ತಾರ್ ಊಟ, ಅನಾಥ ಮಕ್ಕಳ ಪ್ರಾಯೋಜಕತ್ವ, ಹೊರದೇಶಗಳಲ್ಲಿ ವಿಕೋಪ ಪರಿಹಾರ ಇದರ ಕೆಲಸಗಳು. ಜೋರ್ಡಾನ್‌ನ ಮ್ರಜೀಬ್ ಅಲ್ ಫಹೂದ್‌ನಲ್ಲಿ ಸಿರಿಯಾ ನಿರಾಶ್ರಿತರಿಗಾಗಿ 2013ರಲ್ಲಿ ಶಿಬಿರ ತೆರೆದು ನಡೆಸಿದ್ದು ಇದೇ ಸಂಸ್ಥೆ. 2023ರ ಫೆಬ್ರವರಿಯಲ್ಲಿ ತುರ್ಕಿ, ಸಿರಿಯಾದಲ್ಲಿ ಭೂಕಂಪ ಆದಾಗ ದುಬೈ, ಅಬುಧಾಬಿ ಎರಡೂ ಕಡೆ ಸ್ವಯಂಸೇವಕರು ಸಾಲಾಗಿ ನಿಂತು ಪರಿಹಾರದ ಪೆಟ್ಟಿಗೆ ತುಂಬಿದ್ದು ನಿಮಗೂ ನೆನಪಿರಬಹುದು.

'ಪಾಪ' ಎನ್ನುವ ಮೊದಲು

ಟಿವಿ ನೋಡುತ್ತ ನಾವು ತಟ್ಟನೆ ಹೇಳುವ ಮಾತು "ಪಾಪ". ಮಕ್ಕಳು ಅದನ್ನು ಬೇಗ ಕಲಿಯುತ್ತಾರೆ. ಅದರ ಜೊತೆಗೆ ಕೊಡುವವರು ನಾವು, ತೆಗೆದುಕೊಳ್ಳುವವರು ಅವರು ಎಂಬ ಲೆಕ್ಕವನ್ನೂ ಕಲಿತುಬಿಡುತ್ತಾರೆ. ನಮ್ಮ ಮಗಳೂ "ಪಾಪ, ಅವ್ರು ಪೂರ್ ಪೀಪಲ್" ಎಂದಳು. ಆಗ ಅವಳಿಗೆ ಏಪ್ರಿಲ್ ನೆನಪಿಸಿದೆ.

2024ರ ಏಪ್ರಿಲ್ 16ರ ಮಳೆ ಈ ದೇಶದಲ್ಲಿ 75 ವರ್ಷಗಳಲ್ಲೇ ಜೋರಾದದ್ದು. ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ 254 ಮಿಲಿಮೀಟರ್ ಸುರಿಯಿತು. ಆ ದಿನ ನಮ್ಮ ಕಟ್ಟಡದ ಕೆಳಗೆ ನೀರು ನಿಂತು ಲಿಫ್ಟ್ ಕೆಟ್ಟಿತ್ತು, ನಲ್ಲಿಯಲ್ಲಿ ನೀರಿರಲಿಲ್ಲ. ಪಕ್ಕದ ಮನೆಯ ಚೇಚಿ ಎರಡು ಕ್ಯಾನ್ ನೀರು ಮತ್ತು ಬಿಸಿ ಗಂಜಿ ತಂದುಕೊಟ್ಟಿದ್ದರು. "ಅವತ್ತು ನಾವು ಪೂರ್ ಪೀಪಲ್ ಆಗಿದ್ವಾ?" ಎಂದು ಕೇಳಿದೆ. "ಇಲ್ಲ, ನೀರಿರ್ಲಿಲ್ಲ ಅಷ್ಟೇ!" ಎಂದಳು. ಶಿರೂರಿನವರಿಗೂ ಅಷ್ಟೇ. ಅವರದ್ದು ದೊಡ್ಡ ಕಷ್ಟ, ಆದರೆ ಅವರೂ ನಮ್ಮ ಹಾಗೇ ಮನೆ, ಅಂಗಡಿ, ಶಾಲೆ ಇದ್ದವರು.

ಕನ್ನಡವೇ ಇಲ್ಲಿ ನಮ್ಮ ಕೈ ಹಿಡಿಯಿತು. ನೆರೆ ಎಂದರೆ ಪ್ರವಾಹ. ನೆರೆ ಎಂದರೆ ಪಕ್ಕದ ಮನೆ. ಜೊತೆಗೆ ನೆರವು. ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆವು. ನೆರೆ ಬಂದಾಗ ನೆರೆಮನೆಯವರ ನೆರವು. ಅವಳು ಒಂದೇ ದಿನಕ್ಕೆ ಕಲಿತ ಕನ್ನಡ ವಾಕ್ಯ ಅದು.

ನೀವು ಮಕ್ಕಳೊಂದಿಗೆ ಏನು ಮಾಡಬಹುದು?

• ಮಗುವಿನ ಸ್ವಂತ ಹಣದಿಂದಲೇ ಶುರು ಮಾಡಿ. ಹಬ್ಬದ, ಹುಟ್ಟುಹಬ್ಬದ ಉಡುಗೊರೆ ಹಣದಲ್ಲಿ ಒಂದು ಪಾಲನ್ನು ರೆಡ್ ಕ್ರೆಸೆಂಟ್ ಅಥವಾ ಪರವಾನಗಿ ಇರುವ ಬೇರೆ ಸಂಸ್ಥೆಗೆ ಕೊಡಿಸಿ. ರಸೀದಿಯನ್ನು ಮಗುವೇ ಓದಲಿ.

• ಊರಿನ ನಮ್ಮವರಿಗೆ ನಮ್ಮದೇ ಹಣ ಕಳಿಸುವುದು ಬೇರೆ, ಹತ್ತು ಜನರಿಂದ ಸೇರಿಸಿ ಕಳಿಸುವುದು ಬೇರೆ. ಈ ವ್ಯತ್ಯಾಸ ದೊಡ್ಡ ಮಕ್ಕಳಿಗೆ ಸ್ಪಷ್ಟವಾಗಿ ತಿಳಿದಿರಲಿ. ಆನ್‌ಲೈನ್ ಚಂದಾ ಎತ್ತುವ ಉತ್ಸಾಹ ಹದಿಹರೆಯದವರಲ್ಲೇ ಹೆಚ್ಚು.

• ಸ್ವಯಂಸೇವೆಗೆ ನೋಂದಾಯಿಸುವಾಗ ವಯಸ್ಸಿನ ಮಿತಿ ನೋಡಿ. ಅದು ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಬೇರೆ.

• ಹಳೆಯ ಬಟ್ಟೆ ಕೊಡುವುದಾದರೆ ಮಕ್ಕಳ ಕೈಯಲ್ಲೇ ಒಗೆಸಿ, ಮಡಚಿಸಿ, ಗುಂಡಿ ಹಾಕಿಸಿ. ಕ್ರಿಯಾಪದ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ನಾವು ತೊಡಲಾರದ್ದನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ ಎಂಬ ಮಾತೂ ಅದರಲ್ಲೇ ಬಂತು.

ಶರಬತ್ತು ಏನಾಯಿತು ಎಂದು ಕೇಳುತ್ತೀರಾ? ಜಗ್ಗಿನಲ್ಲಿ ತುಂಬಿ ಪಕ್ಕದ ಮನೆಗೆ ಕೊಟ್ಟೆವು. ವಯನಾಡಿನ ಸುದ್ದಿ ನೋಡಿ ಕುಳಿತಿದ್ದ ಚೇಚಿ ಮಗಳನ್ನು ತಬ್ಬಿಕೊಂಡರು.

ಆ ವಾರ ಮಗಳು ತನ್ನ 50 ದಿರಹಂ ನೋಟನ್ನು ಮಾಲಿನ ಪೆಟ್ಟಿಗೆಗೆ ಹಾಕಿದಳು. ಅದು ಶಿರೂರಿಗೆ ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಸುಳ್ಳು ಹೇಳಿ ಕೊಡಿಸುವುದು ನನಗೆ ಬೇಕಿರಲಿಲ್ಲ.

"ಹಾಗಾದ್ರೆ ಯಾರಿಗೆ ಹೋಗುತ್ತಮ್ಮಾ?"

"ಯಾರದೋ ಅಜ್ಜಿ ಊರಿಗೆ," ಎಂದೆ.

ಸ್ವಲ್ಪ ಯೋಚಿಸಿ, "ಸರಿ" ಎಂದಳು.