ಆ ಬಿಳುಪು ಗ್ರೀಕರದಲ್ಲ

ಅಥೆನ್ಸಿನ ಅಕ್ರೊಪೊಲಿಸ್ ಮ್ಯೂಸಿಯಂ ಎಂದರೆ ಮೊದಲು ನೆನಪಾಗುವುದು ಅದರ ತುದಿಯಂತಸ್ತು. ಪಾರ್ಥೆನಾನ್ ದೇಗುಲದ ಶಿಲ್ಪಪಟ್ಟಿಕೆ ಇರುವುದು ಅಲ್ಲಿ. ಗಾಜಿನ ಗೋಡೆಯಾಚೆ ಬೆಟ್ಟದ ಮೇಲೆ ದೇಗುಲವೂ ಕಾಣುತ್ತದೆ. ಪಟ್ಟಿಕೆಯ ಬಹುಪಾಲು ಲಂಡನ್ನಿನಲ್ಲಿ ಉಳಿದಿರುವ ಜಗಳವಂತೂ ಜಗತ್ತಿಗೇ ಗೊತ್ತು. ಬರ್ನಾರ್ಡ್ ಚುಮಿ ವಿನ್ಯಾಸ ಮಾಡಿ, 2009ರಲ್ಲಿ ಬಾಗಿಲು ತೆರೆದ ಈ ಕಟ್ಟಡದಲ್ಲಿ ನಿಧಾನವಾಗಿ ನಿಂತು ನೋಡಬೇಕಾದ ಜಾಗ ಮಾತ್ರ ಅದಕ್ಕಿಂತ ಕೆಳಗಿದೆ. ಪಾರ್ಥೆನಾನ್‌ಗಿಂತ ನೂರು ವರ್ಷ ಹಿಂದಿನ ಕನ್ಯೆಯರ ಪ್ರತಿಮೆಗಳನ್ನು ಅಲ್ಲಿ ಹಗಲಿನ ಬೆಳಕಿಗೆ ನಿಲ್ಲಿಸಿದ್ದಾರೆ. ಸುತ್ತಲೂ ತಿರುಗಿ ನೋಡಬಹುದು. ಗ್ರೀಕ್ ಶಿಲ್ಪವೆಂದರೆ ಹಾಲುಬಿಳುಪಿನ ಅಮೃತಶಿಲೆ ಎಂದು ಶಾಲೆಯ ಪುಸ್ತಕದಿಂದ ಹೋಟೆಲಿನ ಪಡಸಾಲೆಯವರೆಗೆ ಎಲ್ಲವೂ ನಮಗೆ ಕಲಿಸಿವೆ. ಆ ಪಾಠ ತಪ್ಪು ಎಂಬುದಕ್ಕೆ ಈ ಕನ್ಯೆಯರೇ ಸಾಕ್ಷಿ.

ಸಾಕ್ಷಿ ಉಳಿದದ್ದು ಒಂದು ಅನಾಹುತದಿಂದ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರ ಸೇನೆ ಅಕ್ರೊಪೊಲಿಸ್‌ಗೆ ಬೆಂಕಿಯಿಟ್ಟು ಪ್ರತಿಮೆಗಳನ್ನು ಉರುಳಿಸಿತು. ಊರಿಗೆ ಮರಳಿದ ಅಥೆನ್ಸಿನವರು ಮುರಿದ ಮೂರ್ತಿಗಳನ್ನು ಬೆಟ್ಟದ ಮೇಲೆಯೇ ಮಣ್ಣಲ್ಲಿ ಹೂತರು. ಮಳೆ ಬಿಸಿಲು ಸೋಕದೆ ಅವು ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಅಲ್ಲೇ ಮಲಗಿದ್ದವು. 1880ರ ದಶಕದ ಉತ್ಖನನದಲ್ಲಿ ಮೇಲೆ ಬಂದಾಗ ತುಟಿಯಲ್ಲಿ, ಕೂದಲಲ್ಲಿ, ಸೀರೆಯಂಥ ಉಡುಪಿನ ಅಂಚಿನಲ್ಲಿ ಕೆಂಪು, ನೀಲಿ, ಹಸಿರು ಕಣ್ಣಿಗೆ ಕಾಣುವಷ್ಟಿತ್ತು. ಗಾಳಿ ಬೆಳಕಿಗೆ ತೆರೆದುಕೊಂಡ ಮೇಲೆ ಅದರಲ್ಲಿ ಬಹಳಷ್ಟು ಮಾಸಿತು. ತೆರೆದ ಬಯಲಲ್ಲಿಯೇ ನಿಂತಿದ್ದ ಪಾರ್ಥೆನಾನ್ ಶಿಲ್ಪಗಳ ಬಣ್ಣವಂತೂ ಎಂದೋ ತೊಳೆದುಹೋಗಿತ್ತು. ಅಂದರೆ ಬಿಳುಪು ಶಿಲ್ಪಿಯ ಆಯ್ಕೆಯಲ್ಲ, ಹವೆಯ ಕೆಲಸ. ಗ್ರೀಕ್ ಶಿಲ್ಪಿಗಳಲ್ಲಿ ದೊಡ್ಡ ಹೆಸರಾದ ಪ್ರಾಕ್ಸಿಟಿಲಿಸ್, ತನ್ನ ಮೂರ್ತಿಗಳಲ್ಲಿ ತನಗೆ ಮೆಚ್ಚು ಯಾವುದೆಂದು ಕೇಳಿದವರಿಗೆ ಚಿತ್ರಕಾರ ನಿಕಿಯಾಸನ ಕೈ ತಾಗಿದವು ಎಂದನಂತೆ; ಇದನ್ನು ಬರೆದಿಟ್ಟವನು ರೋಮಿನ ಪ್ಲಿನಿ.

ಬಣ್ಣ ಹೋದರೇನು, ಆಕಾರ ಉಳಿದಿದೆಯಲ್ಲ ಎನ್ನಬಹುದು. ಇದಕ್ಕೆ ಉತ್ತರ ಅದೇ ಅಂತಸ್ತಿನಲ್ಲಿರುವ, ಕ್ರಿ.ಪೂ. 530ರ ಆಸುಪಾಸಿನ ಒಂದು ಪ್ರತಿಮೆ. ಆಳೆತ್ತರಕ್ಕಿಂತ ಗಿಡ್ಡ, ಮುಖದಲ್ಲಿ ತೆಳುನಗೆ. ಪೆಪ್ಲೊಸ್ ಎಂಬ ಸರಳ ಉಡುಪು ತೊಟ್ಟ ಸಾಮಾನ್ಯ ಕನ್ಯೆ ಎಂದುಕೊಂಡು ವಿದ್ವಾಂಸರು ಆಕೆಗೆ 'ಪೆಪ್ಲೊಸ್ ಕನ್ಯೆ' ಎಂದೇ ಹೆಸರಿಟ್ಟಿದ್ದರು. ಬಣ್ಣ ಬಳಿದಿದ್ದ ಕಡೆ ಕಲ್ಲು ಕಡಿಮೆ ಸವೆಯುತ್ತದೆ, ಬಳಿಯದ ಕಡೆ ಹೆಚ್ಚು. ಹಾಗಾಗಿ ಓರೆಯಾಗಿ ಬೆಳಕು ಬಿಟ್ಟರೆ ಅಳಿಸಿಹೋದ ಚಿತ್ರದ ಗೆರೆ ಮತ್ತೆ ಮೂಡುತ್ತದೆ. ಜರ್ಮನಿಯ ವಿನ್ಸೆನ್ಸ್ ಬ್ರಿಂಕ್‌ಮನ್ ಮತ್ತು ಉಲ್ರಿಕೆ ಕಾಖ್-ಬ್ರಿಂಕ್‌ಮನ್ ಹೀಗೂ, ನೇರಳಾತೀತ ಬೆಳಕಿನಲ್ಲೂ ಪರೀಕ್ಷಿಸಿದಾಗ ಉಡುಪಿನ ಮುಂಭಾಗದಲ್ಲಿ ಪ್ರಾಣಿಗಳ ಸಾಲು ಕಂಡಿತು. ಅಂಥ ಉಡುಪು ದೇವತೆಗೆ ಸಲ್ಲುವುದು. ಆದ್ದರಿಂದ ಈಕೆ ಬಹುಶಃ ಆರ್ಟೆಮಿಸ್ ಎಂಬುದು ಅವರ ವಾದ. ಬಣ್ಣ ಹಚ್ಚದೆ ರಂಗಸ್ಥಳಕ್ಕೆ ಬಂದ ಯಕ್ಷಗಾನದ ವೇಷಧಾರಿ ರಾಮನೋ ರಾವಣನೋ ಎಂದು ಹೇಳಲು ಹೊರಟ ಕಷ್ಟವೇ ಇದು. ಬಣ್ಣ ಇಲ್ಲಿ ಬರೀ ಅಲಂಕಾರವಲ್ಲ, ಮೂರ್ತಿ ಯಾರದೆಂದು ಹೇಳುವ ಗುರುತು.

ಇದನ್ನು ಒಪ್ಪಿದವರಿಗೂ ಮರುಸೃಷ್ಟಿಗಳನ್ನು ಕಂಡರೆ ಇರುಸುಮುರುಸು. 2003ರಲ್ಲಿ ಮ್ಯೂನಿಕ್‌ನಲ್ಲಿ ಬಣ್ಣ ತುಂಬಿದ ಅಚ್ಚುಗಳ ಪ್ರದರ್ಶನ ನಡೆದು, ಅದು ಊರೂರು ಸುತ್ತಿತು. ಹೋದಲ್ಲೆಲ್ಲ ಜಾತ್ರೆಯ ಬೊಂಬೆಯಂತಿದೆ ಎಂಬ ದೂರೂ ಹಿಂದೆಯೇ ಹೋಯಿತು. ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಕಲ್ಲಿನ ರಂಧ್ರದಲ್ಲಿ ಉಳಿಯುವುದು ಹೆಚ್ಚಾಗಿ ತಳದ ಲೇಪ; ಅದರ ಮೇಲೆ ಚಿತ್ರಕಾರ ಕೊಟ್ಟಿರಬಹುದಾದ ನೆರಳು, ಹೊಳಪು, ಮೃದುತ್ವ ಹೋಗಿರುತ್ತವೆ. ಹಾಗಾಗಿ ಮರುಸೃಷ್ಟಿ ಅಂತಿಮ ತೀರ್ಪಲ್ಲ, ಒಂದು ಊಹೆ. ಅದೇ ಪೆಪ್ಲೊಸ್ ಕನ್ಯೆಗೆ ಒಂದಕ್ಕಿಂತ ಹೆಚ್ಚು ಬಣ್ಣದ ರೂಪಗಳು ಸಿದ್ಧವಾಗಿವೆ. ಆದರೆ ಬಿಳಿ ಮೂರ್ತಿಯೂ ಊಹೆಯೇ, ಅದೂ ಸಾಕ್ಷ್ಯಕ್ಕೆ ವಿರುದ್ಧವಾದದ್ದು. ಎರಡರಲ್ಲಿ ಕಡಿಮೆ ತಪ್ಪಿನದನ್ನು ಆರಿಸುವುದಾದರೆ ಜಾತ್ರೆಯ ಬೊಂಬೆಯೇ ಮೇಲು.

ಬಿಳುಪಿಗೂ ತನ್ನದೇ ಪರಂಪರೆಯಿದೆ, ಮೈಕೆಲ್ಯಾಂಜೆಲೊನಿಂದ ಕನೋವಾವರೆಗೆ ದೊಡ್ಡ ಕಲೆ ಅದರಿಂದಲೇ ಹುಟ್ಟಿತು ಎಂಬ ವಾದ ಇನ್ನೂ ಗಟ್ಟಿ. ನಿಜ, ಆದರೆ ಅದು ಇಟಲಿಯ ಕಥೆ. ಗ್ರೀಸಿಗೆ ಒಮ್ಮೆಯೂ ಹೋಗದ ಜರ್ಮನ್ ವಿದ್ವಾಂಸ ವಿಂಕೆಲ್‌ಮನ್ 1764ರ ತನ್ನ ಕಲಾ ಇತಿಹಾಸದಲ್ಲಿ ಬಿಳುಪು ಹೆಚ್ಚಿದಷ್ಟೂ ದೇಹ ಸುಂದರ ಎಂದು ಬರೆದ ಮೇಲೆ ಅಭಿರುಚಿ ಶಾಸನದಂತಾಯಿತು. ಶಾಸನ ಜಾರಿಗೂ ಬಂತು. 1937–38ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೆಲಸಗಾರರು ಪಾರ್ಥೆನಾನ್ ಶಿಲ್ಪಗಳನ್ನು ತಾಮ್ರದ ಉಪಕರಣಗಳಿಂದ ಕೆರೆದು ಬೆಳ್ಳಗೆ ಮಾಡಿದರು. ಹೊಸ ಗ್ಯಾಲರಿಗೆ ಹಣ ಕೊಟ್ಟ ಲಾರ್ಡ್ ಡುವೀನ್‌ಗೆ ಶಿಲ್ಪ ಬಿಳಿಯಾಗಿಯೇ ಬೇಕಿತ್ತು. ಅಷ್ಟಾದರೂ ಬಣ್ಣ ಪೂರ್ತಿ ಸೋಲಲಿಲ್ಲ: 'ಈಜಿಪ್ಟಿನ ನೀಲಿ' ಎಂಬ ವರ್ಣದ್ರವ್ಯ ಅವಗೆಂಪು ಕಿರಣ ಸೂಸುವ ಗುಣವನ್ನು ಬಳಸಿ, ಜೊವಾನಿ ವೆರ್ರಿ ಎಂಬ ಸಂಶೋಧಕ ಲಂಡನ್ನಿನಲ್ಲಿರುವ ಐರಿಸ್ ದೇವತೆಯ ನಡುಪಟ್ಟಿಯಲ್ಲಿ ಅದರ ಕಣಗಳನ್ನು ಪತ್ತೆಹಚ್ಚಿದರು.

ಮೂಲ ಶಿಲ್ಪಗಳಿಗೆ ಈಗ ಬಣ್ಣ ಬಳಿಯಬೇಕೆಂದು ಯಾರೂ ಹೇಳುತ್ತಿಲ್ಲ, ಹೇಳಬಾರದು ಕೂಡ. ಬದಲಾಗಬೇಕಾದದ್ದು ನೋಡುವ ಕ್ರಮ: ಮೊದಲು ಕನ್ಯೆಯರ ಅಂತಸ್ತು, ಅಲ್ಲಿ ಕಿವಿಯ ಹಿಂದೆ, ನೆರಿಗೆಯ ಒಳಮಡಿಕೆಯಲ್ಲಿ ಉಳಿದ ಕೆಂಪನ್ನು ಹುಡುಕುವುದು, ಆಮೇಲೆ ಪಾರ್ಥೆನಾನ್. ಹಾಗೆ ಮೇಲೆ ಹೋದವರಿಗೆ ಒಂದು ತಮಾಷೆ ಕಾಣುತ್ತದೆ. ಪೆಂಟೆಲಿಕ್ ಶಿಲೆಯಲ್ಲಿರುವ ಕಬ್ಬಿಣದ ಅಂಶದಿಂದ ಮೂಲ ಫಲಕಗಳು ಜೇನುಬಣ್ಣಕ್ಕೆ ತಿರುಗಿವೆ. ಆ ಅಂತಸ್ತಿನಲ್ಲಿ ಅಚ್ಚ ಬಿಳಿಯಾಗಿರುವುದು ಲಂಡನ್ನಿನಲ್ಲಿರುವ ಫಲಕಗಳ ಬದಲಿಗೆ ಇಟ್ಟ ಪ್ಲಾಸ್ಟರ್ ಅಚ್ಚುಗಳು.