ಬಿಡುವಿನ ದಿನಗಳೂ ಚಂಚಲ ಮನಸ್ಸೂ

ಶಾಲೆಯಿರುವ ದಿನಗಳಲ್ಲಿ ನನ್ನ ತಮ್ಮನದು ಅಂಥ ತೊಂದರೆಯೇನಿಲ್ಲ. ಗಂಟೆ ಹೊಡೆಯುತ್ತದೆ, ಪಾಠ ಬದಲಾಗುತ್ತದೆ, ಮೇಷ್ಟ್ರು ಗದರುತ್ತಾರೆ. ಅವನೂ ಹೇಗೋ ಎಲ್ಲರೊಡನೆ ನಡೆದುಹೋಗುತ್ತಾನೆ. ಪೇಚೆಲ್ಲ ರಜೆಯಲ್ಲಿ. ಕಳೆದ ದಸರಾ ರಜೆಯಲ್ಲಿ, ಹತ್ತನೆಯ ತರಗತಿಯ ಈ ಹುಡುಗ ಬೆಳಿಗ್ಗೆ ಗಣಿತದ ಪುಸ್ತಕ ತೆರೆದವನು, ಪೆನ್ಸಿಲು ಹೆರೆಯಲು ಬ್ಲೇಡು ಹುಡುಕಹೋಗಿ, ಬ್ಲೇಡಿದ್ದ ಡಬ್ಬಿಯಲ್ಲಿ ಕೆಟ್ಟ ಗಡಿಯಾರವೊಂದನ್ನು ಕಂಡು, ಅದನ್ನು ಬಿಚ್ಚುತ್ತ ಕುಳಿತನು. ಅವ್ವ ಊಟಕ್ಕೆ ಕರೆದಾಗ, "ಈಗ ತಾನೇ ಕೂತೆನಲ್ಲವ್ವ!" ಎಂದು ನಿಜವಾಗಿಯೇ ಬೆರಗಾದನು. ಆ ರಾತ್ರಿ ಅಪ್ಪ, "ಇವನಿಗೆ ಓದು ಹತ್ತೋದಿಲ್ಲ. ಪರೀಕ್ಷೆ ಮುಗೀಲಿ, ಗ್ಯಾರೇಜಿಗೆ ಹಾಕೋಣ" ಎಂದರು. ತಮ್ಮ ಎದುರಾಡಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಮನಶ್ಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವ ನಾನು ಅಂದು ನನ್ನ ಟಿಪ್ಪಣಿಗಳನ್ನು ತಿರುವಿಹಾಕಿದೆನು. ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತಮ್ಮ ದೊಡ್ಡ ಗ್ರಂಥದಲ್ಲಿ, ಬಲವಂತದ ಅವಧಾನವನ್ನು ಯಾರೂ ಒಂದೇ ಸಮನೆ ಕೆಲವು ಕ್ಷಣಗಳಿಗಿಂತ ಹೆಚ್ಚು ಹಿಡಿದಿಡಲಾರರೆಂದೂ, ನಾವು ಏಕಾಗ್ರತೆಯೆಂದು ಕರೆಯುವುದು ಜಾರಿದ ಮನಸ್ಸನ್ನು ಮರಳಿ ಮರಳಿ ಕರೆತರುವುದೇ ಎಂದೂ ವಿವರಿಸಿದ್ದಾರೆ. ಹಾಗಿದ್ದ ಮೇಲೆ ಮನಸ್ಸು ಜಾರುವುದು ನನ್ನ ತಮ್ಮನ ವಿಶೇಷವಲ್ಲ. ಜಾರಿದುದು ಅವನಿಗೆ ತಿಳಿಯದಿರುವುದೇ ತೊಡಕು. ಶಾಲೆಯಲ್ಲಿ ಅವನನ್ನು ಕರೆತರುವುದು ಗಂಟೆ. ರಜೆಯಲ್ಲಿ ಆ ಗಂಟೆಯಿಲ್ಲ. ಮೇಲಾಗಿ, ಮುಂದಾಲೋಚನೆಗೂ ಹತೋಟಿಗೂ ಆಧಾರವಾದ ಮಿದುಳಿನ ಮುಂಭಾಗವು ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದಂತೆ. (ಈ ಲೆಕ್ಕದಲ್ಲಿ ಅಂತಿಮ ಬಿ.ಎ. ತರಗತಿಯ ನಾವೆಲ್ಲರೂ ಇನ್ನೂ ಕಾಯಿಗಳೇ!)

ಗಂಟೆಯನ್ನು ಮನೆಗೆ ತರುವ ನನ್ನ ಮೊದಲ ಯತ್ನ ಶುದ್ಧ ತಪ್ಪಾಯಿತು. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಗೆರೆಯೆಳೆದು ವೇಳಾಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದೆನು. ಮರುದಿನ ಒಂದು ಗಂಟೆ ತಪ್ಪಿದೊಡನೆ ದಿನವೇ ಕೆಟ್ಟಿತೆಂದು ಅವನು ಅದನ್ನು ಕೈಬಿಟ್ಟನು. ಬಳಿಕ ಓದನ್ನು ಮನೆಯಲ್ಲಿ ಹೇಗೂ ನಡೆಯುವ ಕೆಲಸಗಳಿಗೆ ಗಂಟುಹಾಕಿದೆವು: ಕಾಫಿ ಲೋಟ ಕೆಳಗಿಟ್ಟೊಡನೆ ಮೂರು ಲೆಕ್ಕ, ಹಸುವಿಗೆ ನೀರು ಕುಡಿಸಿ ಬಂದೊಡನೆ ವಿಜ್ಞಾನದ ಒಂದು ಪುಟ. 'ಇದಾದೊಡನೆ ಅದು' ಎಂಬ ಇಂಥ ಸಂಕಲ್ಪವು 'ಚೆನ್ನಾಗಿ ಓದುವೆನು' ಎಂಬ ಬರಿಯ ಸಂಕಲ್ಪಕ್ಕಿಂತ ಹೆಚ್ಚು ಫಲಕಾರಿಯೆಂದು ಪೀಟರ್ ಗೊಲ್ವಿಟ್ಸರ್ ಎಂಬ ವಿದ್ವಾಂಸರು 1999ರ ಲೇಖನವೊಂದರಲ್ಲಿ ತೋರಿಸಿಕೊಟ್ಟಿದ್ದಾರೆ.

ಪುಸ್ತಕದ ಪಕ್ಕದಲ್ಲಿ 'ಆಮೇಲೆ' ಎಂಬ ತಲೆಬರಹದ ಚೀಟಿಯೊಂದನ್ನೂ ಇಟ್ಟೆವು. ನಡುವೆ ನೆನಪಾದ ಗಡಿಯಾರ, ಗಾಳಿಪಟ, ಗೆಳೆಯನಿಗೆ ಹೇಳಬೇಕಾದ ಮಾತು ಎಲ್ಲವನ್ನೂ ಅವನು ಅದರಲ್ಲಿ ಬರೆದುಬಿಡಬೇಕು, ಏಳಬಾರದು. ಮೊಬೈಲು ಅವ್ವನ ವಶದಲ್ಲಿ. ನಾನು ಎದುರಿಗೆ ಕುಳಿತು ನನ್ನ ಪಾಠವನ್ನು ಓದಿಕೊಳ್ಳುತ್ತೇನೆ, ಅವನಿಗೆ ಹೇಳಿಕೊಡುವುದಿಲ್ಲ. ಆದರೂ ಎದುರಿಗೊಬ್ಬರು ಇರುವುದರಿಂದಲೇ ಅರ್ಧ ಕೆಲಸವಾಗುತ್ತದೆ. ಕಠಿಣವಾದುದೆಂದರೆ ನನ್ನ ನಾಲಗೆ. "ಮತ್ತೆ ಎದ್ದೆಯಾ?" ಎನ್ನುವ ಕಡೆ "ಎಲ್ಲಿಗೆ ಬಂದೆಯೋ?" ಎನ್ನಲು ನನಗೆ ವಾರವೇ ಹಿಡಿಯಿತು.

ಎಲ್ಲ ಮಕ್ಕಳಿಗೂ ಇಷ್ಟೇ ಸಾಕೆಂದು ನಾನು ಹೇಳಲಾರೆ. 1902ರಲ್ಲೇ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ತಮ್ಮ ಉಪನ್ಯಾಸಗಳಲ್ಲಿ ಇಂಥ ಕೆಲವು ಮಕ್ಕಳನ್ನು ವರ್ಣಿಸಿದ್ದರು, ಇಂದು ಎ.ಡಿ.ಎಚ್.ಡಿ. ಎನ್ನುವ ಆ ಸ್ಥಿತಿ ಹೌದೋ ಅಲ್ಲವೋ ಎಂದು ನಿರ್ಧರಿಸಬೇಕಾದವರು ವೈದ್ಯರು, ನನ್ನಂಥ ವಿದ್ಯಾರ್ಥಿಯಲ್ಲ.

ರಜೆ ಮುಗಿಯುವ ಹೊತ್ತಿಗೆ ತ್ರಿಭುಜಗಳ ಅಧ್ಯಾಯವೊಂದನ್ನು ತಮ್ಮ ಪೂರ್ತಿ ಮಾಡಿದ್ದನು. 'ಆಮೇಲೆ' ಚೀಟಿಯ ಮೊದಲ ಸಾಲಿನಲ್ಲಿದ್ದ ಗಡಿಯಾರವನ್ನೂ ಸರಿಮಾಡಿದನು. ಅದು ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಅಪ್ಪ ಗ್ಯಾರೇಜಿನ ಮಾತನ್ನು ಇನ್ನೂ ಬಿಟ್ಟಿಲ್ಲ. ಆದರೆ ಆ ಗಡಿಯಾರಕ್ಕೆ ಮೊಳೆ ಹೊಡೆದುಕೊಟ್ಟವರು ಅವರೇ.