ಮೂಗಿಗೆ ಬಡಿಯೋದು ವಾಸನೆಯಲ್ಲ, ನಿಮ್ಮ ದುಡ್ಡು

ಇವತ್ತು ಸಗಣಿ ಬಗ್ಗೆ ಮಾತಾಡ್ತೀನಿ. ಮೂಗು ಮುರಿಯಬೇಡಿ, ಚಾನೆಲ್ ಬದಲಿಸಬೇಡಿ. ಇದು ದುಡ್ಡಿನ ವಿಷಯ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳನ್ನು ನೋಡಿ. ಮನೆ ಹಿಂದೆ ಹಟ್ಟಿ, ಪಕ್ಕದಲ್ಲೇ ಗೊಬ್ಬರದ ಗುಂಡಿ, ಅದರಾಚೆ ಅಡಿಕೆ ತೋಟ. ಗುಂಡಿ ಹತ್ತಿರ ನಿಂತರೆ ಮೂಗು ಉರಿಯುತ್ತೆ. ಅದು ಅಮೋನಿಯಾ. ಅಂದರೆ ಮರದ ಬುಡ ಸೇರಬೇಕಿದ್ದ ಸಾರಜನಕ ಗಾಳಿಪಾಲಾಗುತ್ತಿದೆ.

ಲೆಕ್ಕ ಹಾಕೋಣ. ಒಂದು ಹಸು ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕುತ್ತೆ. ಅದರಲ್ಲಿ ಸಾರಜನಕ ಹೆಚ್ಚುಕಡಿಮೆ ಅರ್ಧ ಪರ್ಸೆಂಟ್. ವರ್ಷಕ್ಕೆ 18 ಕಿಲೋ. 45 ಕಿಲೋ ಯೂರಿಯಾ ಚೀಲದಲ್ಲಿ ಇರೋದೂ 20 ಕಿಲೋ ಚಿಲ್ಲರೆ ಅಷ್ಟೇ! ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಕೇಂದ್ರವಿರುವ ಸಿಪಿಸಿಆರ್‌ಐ ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಹೇಳುವ ಸಾರಜನಕ 100 ಗ್ರಾಂ. ಅಂದರೆ ಒಂದೇ ಹಸುವಿನ ಸಗಣಿಯಲ್ಲಿ 180 ಮರದ ಪಾಲಿದೆ. ಅದರಲ್ಲಿ ಎಷ್ಟು ಉಳಿಯುತ್ತೆ ಅನ್ನೋದು ನಾವು ಗುಂಡಿಯನ್ನು ಹೇಗೆ ಇಟ್ಟುಕೊಳ್ತೀವಿ ಅನ್ನೋದರ ಮೇಲಿದೆ.

ಇನ್ನೊಂದು ಅನಿಲಕ್ಕೆ ವಾಸನೆಯೇ ಇಲ್ಲ. ಅದು ಮೀಥೇನ್. ಸಗಣಿ ನೀರಿನ ಜೊತೆ ಗಾಳಿಯಾಡದೆ ಕೊಳೆತಾಗ ಹುಟ್ಟುತ್ತೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತೆ. ಗೋಬರ್ ಗ್ಯಾಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇರೋದು ಇದೇ. ಹಿಡಿದು ಉರಿಸಿದರೆ ಅನ್ನ ಬೇಯುತ್ತೆ.

ಈ ಸೀಮೆಗೆ ಇದು ಹೊಸದಲ್ಲ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಸೋಲಾರ್, ಗೋಬರ್ ಗ್ಯಾಸ್‌ಗೆ ಸಾಲದ ದಾರಿ ಮಾಡಿಕೊಟ್ಟು 2012ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು.

ಆದರೆ ಮನೆಗೆ ಸಿಲಿಂಡರ್ ಬಂದಮೇಲೆ ಏನಾಗುತ್ತೆ? ಸ್ಲರಿ ಬೇಕಲ್ಲ ಅಂತ ಸಗಣಿ ಕಲಸಿ ಹಾಕೋದು ನಡೆಯುತ್ತೆ, ಒಲೆ ಹಚ್ಚೋದು ನಿಲ್ಲುತ್ತೆ. ಹುಟ್ಟಿದ ಗ್ಯಾಸ್ ಎಲ್ಲಿಗೆ ಹೋಗಬೇಕು? ಹೊರಗೇ. ನಾನು ನೇರವಾಗಿ ಹೇಳ್ತೀನಿ: ಉರಿಸದ ಗೋಬರ್ ಗ್ಯಾಸ್ ಪರಿಸರಕ್ಕೆ ಉಪಕಾರವಲ್ಲ, ಅಪಕಾರ.

ಹಾಗಾದರೆ ಮಾಡೋದೇನು? ಗೊಬ್ಬರದ ಗುಂಡಿಗೆ ಒಂದು ಮಾಡು ಹಾಕಿ, ಮಳೆನೀರು ಇಳಿಯದಿರಲಿ. ಹಟ್ಟಿಗೆ ತರಗೆಲೆ, ಸೊಪ್ಪು ಧಾರಾಳವಾಗಿ ಹಾಸಿ, ಅದು ಗಂಜಳ ಹೀರಿಕೊಳ್ಳುತ್ತೆ. ಸ್ಲರಿ ಟ್ಯಾಂಕ್ ಮುಚ್ಚಿಡಿ. ಆದರೆ ಅದರೊಳಗೆ ಯಾರೂ ಇಳಿಯಬಾರದು. ಅಲ್ಲಿನ ಗಾಳಿ ನಿಮಿಷದಲ್ಲಿ ಪ್ರಾಣ ತೆಗೆಯುತ್ತೆ. ತೋಟಕ್ಕೆ ಬಿಡುವಾಗ ಮೇಲಿಂದ ಚಿಮ್ಮಿಸಬೇಡಿ. ಪೈಪನ್ನು ಬುಡದಲ್ಲೇ ಇಟ್ಟು, ಸಂಜೆ ತಂಪಿನಲ್ಲಿ ಬಿಟ್ಟು, ಮೇಲೆ ಮಣ್ಣೋ ಸೊಪ್ಪೋ ಮುಚ್ಚಿ. ಜಡಿಮಳೆ ಹೊತ್ತಿನಲ್ಲಂತೂ ಬೇಡವೇ ಬೇಡ. ತೋಟದ ಕಣಿಯಲ್ಲಿ ಹರಿದು ತೋಡಿಗೆ, ತೋಡಿನಿಂದ ನೇತ್ರಾವತಿಗೆ ಹೋಗಿಬಿಡುತ್ತೆ.

ಸರ್ಕಾರಕ್ಕೂ ಒಂದು ಮಾತು. ಸಬ್ಸಿಡಿ ಕೊಟ್ಟು ಕಟ್ಟಿಸಿದ ಗುಂಡಿಗಳನ್ನು ಮಾತ್ರ ಎಣಿಸಬೇಡಿ. ಅವುಗಳಲ್ಲಿ ಎಷ್ಟು ಮನೆಯ ಒಲೆ ಇವತ್ತೂ ಉರಿಯುತ್ತಿದೆ, ಅದನ್ನು ಎಣಿಸಿ.